ಮಾಹಿತಿ ಹಕ್ಕು ಅರ್ಜಿ: 10 ರೂಪಾಯಿಗೆ ಏನ್ ಸಿಗುತ್ತೆ, ಎಲ್ಲಿ ಕೈಕೊಡುತ್ತೆ

ಆರ್‌ಟಿಐ ಕೂಡ ದುಡ್ಡು ಕಟ್ಟಿ ತಗೊಳ್ಳೋ ಸರ್ವಿಸ್ಸೇ ತಾನೆ, ಅದಕ್ಕೇ ಈ ರಿವ್ಯೂ. ಲೋಕಲ್ ಪೇಪರ್‌ಗೆ ಸುದ್ದಿ ಕಳ್ಸೋ ನನ್ನಂಥೋರಿಗೆ ಇದಿಲ್ದೆ ನಡೆಯಲ್ಲ, ಯಾಕಂದ್ರೆ ಸಾಹೇಬ್ರು ಇವತ್ತು ಬಾಯ್ಮಾತಲ್ಲಿ ಹೇಳಿದ್ದನ್ನ ನಾಳೆ ನಾನ್ ಹೇಳೇ ಇಲ್ಲ ಅಂದ್ಬಿಡ್ತಾರೆ, ಸೀಲು ಸಹಿ ಬಿದ್ದಿರೋ ಕಾಗದದ ಮುಂದೆ ಆ ಆಟ ನಡೆಯಲ್ಲ.

ರೇಟ್ ಬಗ್ಗೆ ತಕರಾರೇ ಇಲ್ಲ. ಅರ್ಜಿಗೆ 10 ರೂಪಾಯಿ, ಜೆರಾಕ್ಸ್ ಪುಟಕ್ಕೆ 2 ರೂಪಾಯಿ, ಬಿಪಿಎಲ್‌ನೋರಿಗೆ ಅರ್ಜಿ ಫೀಸೇ ಇಲ್ಲ. 30 ದಿನದೊಳಗೆ ಉತ್ತರ ಬರ್ಬೇಕು, ಲೇಟಾದ್ರೆ ನಕಲು ಫ್ರೀ. ಯಾಕೆ ಬೇಕು ಅಂತ ಕಾರಣ ಕೇಳೋ ಹಾಗಿಲ್ಲ, ಮಾಹಿತಿ ಹಕ್ಕು ಕಾಯ್ದೆ ಸೆಕ್ಷನ್ 6(2)ರಲ್ಲೇ ಇದೆ, ಆದ್ರೂ ಟಪಾಲು ಸೆಕ್ಷನ್ನಲ್ಲಿ ಮೊದಲ ಪ್ರಶ್ನೆನೇ "ಏನ್ ಸಾರ್, ಇದೆಲ್ಲ ನಿಮಗ್ಯಾಕೆ?"

ಕೇಂದ್ರದ ಆನ್‌ಲೈನ್ ಪೋರ್ಟಲ್ಲಲ್ಲಿ 3000 ಅಕ್ಷರ ಟೈಪ್ ಮಾಡ್ಬಹುದು, ಜಾಸ್ತಿ ಇದ್ರೆ ಪಿಡಿಎಫ್ ಹಾಕ್ಬಹುದು. ನಮ್ ರಾಜ್ಯದಲ್ಲಿ 2008ರ ತಿದ್ದುಪಡಿ ಬಂದ್ಮೇಲೆ ಒಂದ್ ಅರ್ಜಿಗೆ ಒಂದೇ ವಿಷಯ, 150 ಪದ ಮೀರಂಗಿಲ್ಲ. ಹಂಗಾಗಿ ಪೀಠಿಕೆ ಗೀಠಿಕೆ ಬಿಟ್ಟು ನೇರ ದಾಖಲೆ ಹೆಸರು ಬರೀರಿ. ರಸ್ತೆ ಯಾಕೆ ಇಷ್ಟ್ ಬೇಗ ಕಿತ್ತೋಯ್ತು ಅಂತ ಕೇಳಿದ್ರೆ "ಇದು ಮಾಹಿತಿ ವ್ಯಾಖ್ಯೆಯಲ್ಲಿ ಬರುವುದಿಲ್ಲ" ಅಂತ ಒಂದ್ ಸಾಲು ಬರುತ್ತೆ ಅಷ್ಟೆ, ಅದೇ ಎಸ್ಟಿಮೇಟ್, ವರ್ಕ್ ಆರ್ಡರ್, ಎಂಬಿ ಪುಸ್ತಕದ (ಕಾಮಗಾರಿ ಅಳತೆ ಬರ್ದಿಡೋ ಪುಸ್ತಕ) ಪುಟ, ಬಿಲ್ಲು ಅಂತ ಹೆಸರಿಟ್ಟು ಕೇಳಿದ್ರೆ ತಪ್ಪಿಸ್ಕೊಳ್ಳೋದು ಕಷ್ಟ.

ಈ ಸರ್ವಿಸ್ಸಲ್ಲಿ ನನಗೆ ತುಂಬ ಇಷ್ಟ ಆಗೋದು ಕಡತ ಪರಿಶೀಲನೆ, ಅಂದ್ರೆ ಆಫೀಸಿಗೇ ಹೋಗಿ ಫೈಲ್ ನೋಡೋದು, ಜನ ಇದನ್ನ ಯಾಕೋ ಕೇಳೋದೇ ಇಲ್ಲ. ಒಂದ್ ಕಚೇರಿಲಿ (ಹೆಸ್ರು ಬೇಡ ಬಿಡಿ) ಎಂಬಿ ಪುಸ್ತಕ ತೆಗೆದ್ರೆ ಬೇರೆ ಬೇರೆ ತಾರೀಕಿನ ಅಳತೆಗಳೆಲ್ಲ ಒಂದೇ ನೀಲಿ ಪೆನ್ನಲ್ಲಿ, ಒಂದೇ ಸಲಕ್ಕೆ ಕೂತು ಬರ್ದಂಗಿತ್ತು. ಜೆರಾಕ್ಸಲ್ಲಿ ಎಲ್ಲಾ ಕಪ್ಪೇ, ಗೊತ್ತೇ ಆಗ್ತಿರ್ಲಿಲ್ಲ.

ಆಮೇಲಿನ ಸರ್ವಿಸ್ ಮಾತ್ರ ದೇವರಿಗೇ ಪ್ರೀತಿ. ಉತ್ತರ ಬರ್ಲಿಲ್ಲ, ಬಂದಿದ್ದು ಸರಿ ಇಲ್ಲ ಅಂದ್ರೆ ಹಾಕೋ ಮೊದಲ ಮೇಲ್ಮನವಿ ಅದೇ ಇಲಾಖೆ ಮೇಲಧಿಕಾರಿಗೇ ಹೋಗುತ್ತೆ, ಅವರಿಗೆ 30 ದಿನ, ಎಳೆದ್ರೆ 45. ಅಲ್ಲೂ ಆಗ್ಲಿಲ್ಲ ಅಂದ್ರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಹೋಗ್ಬೇಕು, ಆದ್ರೆ ಆಯೋಗ ಇಷ್ಟ್ ದಿನದಲ್ಲಿ ತೀರ್ಮಾನ ಮಾಡ್ಬೇಕು ಅಂತ ಕಾಯ್ದೆಲಿ ಎಲ್ಲೂ ಇಲ್ಲ. ಮಾಹಿತಿ ಕೊಡದ ಅಧಿಕಾರಿಗೆ ದಂಡ ದಿನಕ್ಕೆ 250 ರೂಪಾಯಿ, ಗರಿಷ್ಠ 25,000. ಸುದ್ದಿ ಅಷ್ಟೊತ್ತಿಗೆ ಹಳಸಿ ಹೋಗಿರುತ್ತೆ. ಐದಕ್ಕೆ ಮೂರು ಸ್ಟಾರ್ ಕೊಡ್ತೀನಿ, ಅದರಲ್ಲಿ ಒಂದು ಪೂರ್ತಿ ಕಡತ ಪರಿಶೀಲನೆಗೇ.

ಇನ್ನೊಂದು, 2023ರ ಡೇಟಾ ರಕ್ಷಣೆ ಕಾಯ್ದೆ, ಆರ್‌ಟಿಐ ಕಾಯ್ದೆಲಿ ವೈಯಕ್ತಿಕ ಮಾಹಿತಿ ಯಾವಾಗ ಕೊಡದೇ ಇರ್ಬಹುದು ಅಂತ ಹೇಳೋ 8(1)(ಜೆ)ಯನ್ನ ಬರೀ "ವೈಯಕ್ತಿಕ ಮಾಹಿತಿ" ಅನ್ನೋ ಮಟ್ಟಕ್ಕೆ ಮೊಟಕು ಮಾಡ್ತು, ಸಾರ್ವಜನಿಕ ಹಿತಾಸಕ್ತಿ ಇದ್ರೆ ಕೊಡ್ಬೇಕು ಅಂತ ಆ ಕಲಮಲ್ಲೇ ಇದ್ದ ಮಾತು ಹೋಯ್ತು, ಶಾಸಕರಿಗೆ ಕೊಡೋ ಮಾಹಿತಿನ ಜನಕ್ಕೂ ಕೊಡ್ಬೇಕು ಅನ್ನೋ ಸಾಲೂ ಹೋಯ್ತು. ಗುತ್ತಿಗೆದಾರನ ಹೆಸ್ರು ಕೇಳಿದ್ರೂ ವೈಯಕ್ತಿಕ ಅನ್ನೋಕೆ ಇನ್ನೊಂದು ನೆಪ ಸಿಕ್ಕಂಗಾಯ್ತು. ಗುಟ್ಟಾಗಿಡೋದಕ್ಕಿಂತ ಸಾರ್ವಜನಿಕ ಹಿತಾಸಕ್ತಿ ದೊಡ್ಡದಿದ್ರೆ ಮಾಹಿತಿ ಕೊಡ್ಬಹುದು ಅನ್ನೋ 8(2) ಇನ್ನೂ ಇದೆ, ಅದಕ್ಕೇ ಅರ್ಜಿ ಕೊನೇಲಿ ಇದರಲ್ಲಿ ಸಾರ್ವಜನಿಕ ಹಿತಾಸಕ್ತಿ ಏನಿದೆ ಅಂತ ಎರಡು ಸಾಲು ಸೇರಿಸ್ತಿದೀನಿ. ಕಾರಣ ಹೇಳೋದೇ ಬೇಡ ಅನ್ನೋ ಕಾಯ್ದೆಗೆ ಈಗ ನಾವಾಗೇ ಕಾರಣ ಬರೀಬೇಕು, ಅದೂ ಆ 150 ಪದದೊಳಗೇ.