ಯುರೋಪ್ ಗ್ರೂಪ್ ಟೂರ್: ಮುಂಬೈನ ದೊಡ್ಡ ಕಂಪನಿನಾ, ಬೆಂಗಳೂರಿನ ಸಣ್ಣದಾ? ಎರಡರಲ್ಲೂ ಹೋಗಿಬಂದೆ

ಯುರೋಪನ್ನ ಎರಡೆರಡು ಸಲ ನೋಡೋಷ್ಟು ಶ್ರೀಮಂತರೇನಲ್ಲ ನಾವು. 2023ರ ಮೇ ತಿಂಗಳಲ್ಲಿ ನಾನು, ನಮ್ಮನೆಯವ್ರು ರಿಟೈರ್‌ಮೆಂಟ್ ದುಡ್ಡಲ್ಲಿ ಹೋಗ್ಬಂದ್ವಿ. ಆ ಫೋಟೋಗಳನ್ನ ನೋಡಿ ನೋಡಿ ಅಕ್ಕ ಭಾವನೂ ಹೊರಟ್ರು, ಆದ್ರೆ ಭಾವನಿಗೆ ಇಂಗ್ಲಿಷು ಹಿಂದಿ ಎರಡೂ ಅಷ್ಟಕ್ಕಷ್ಟೇ, ನೀನು ಜೊತೆಗೆ ಬಂದ್ರೆ ಮಾತ್ರ ಅಂತ ಅಕ್ಕಂದು ಹಠ, ನನ್ನ ಖರ್ಚಲ್ಲಿ ಅರ್ಧ ತಾನೇ ಹಾಕ್ತೀನಿ ಅಂದ್ಲು, ಹಾಗಾಗಿ 2024ರ ಸೆಪ್ಟೆಂಬರಲ್ಲಿ ಮತ್ತೆ ಅದೇ ಪ್ಯಾರಿಸ್, ಅದೇ ಆಮ್‌ಸ್ಟರ್‌ಡ್ಯಾಮ್, ಅದೇ ಸ್ವಿಟ್ಜರ್ಲೆಂಡ್. ಮೊದಲನೇದು ಮುಂಬೈನ ದೊಡ್ಡ ಕಂಪನಿ, ಎರಡನೇದು ಬೆಂಗಳೂರಿನ ಸಣ್ಣ ಕಂಪನಿ. ಹೆಸರು ಹಾಕಲ್ಲ, ಯಾರ ಜೊತೆಗೂ ಜಗಳ ಬೇಡ.

ದುಡ್ಡಿನ ಮಾತು ಮೊದ್ಲು ಮುಗಿಸಿಬಿಡ್ತೀನಿ. ದೊಡ್ಡವ್ರು ತಲೆಗೆ 3,10,000 ಅಂದ್ರು, ಸಣ್ಣವ್ರು 2,55,000. ಪಾಂಪ್ಲೆಟ್ ನೋಡಿದ್ರೆ ಐವತ್ತೈದು ಸಾವಿರ ಉಳೀತು ಅನ್ಸತ್ತೆ. ಆದ್ರೆ ದೊಡ್ಡವ್ರ ರೇಟಲ್ಲಿ ಜಿಎಸ್‌ಟಿ, ವೀಸಾ, ಇನ್ಶೂರೆನ್ಸ್, ಡ್ರೈವರ್ ಟಿಪ್ಸ್ ಎಲ್ಲಾ ಸೇರಿತ್ತು, ಮುಂಬೈಗೆ ಹೋಗಿಬರೋ ವಿಮಾನ ಮಾತ್ರ ನಮ್ದು. ಸಣ್ಣವ್ರದ್ದು ಬೆಂಗಳೂರಿಂದಾನೇ ಹೊರಡೋದು, ಅದು ದೊಡ್ಡ ಸುಖ, ಆದ್ರೆ ಜಿಎಸ್‌ಟಿ ಬೇರೆ, ವೀಸಾ ಬೇರೆ (ಆ ವರ್ಷ ಜೂನಿಂದ ಷೆಂಗೆನ್ ವೀಸಾ, ಅಂದ್ರೆ ಯುರೋಪಿನ ಈ ದೇಶಗಳಿಗೆಲ್ಲಾ ನಡೆಯೋ ಒಂದೇ ವೀಸಾ, ಅದರ ಫೀಸು 80 ಯೂರೋ ಇದ್ದದ್ದು 90 ಆಗಿತ್ತು), ಇನ್ಶೂರೆನ್ಸ್ ಬೇರೆ, ಕೊನೇ ದಿನ ಬಸ್ಸಲ್ಲಿ ಟಿಪ್ಸ್‌ಗೆ ಕವರ್ ಬೇರೆ ತಿರುಗಿಸಿದ್ರು. ಎಲ್ಲಾ ಕೂಡಿ ಕಳೆದ್ರೆ ವ್ಯತ್ಯಾಸ ನಲವತ್ತು ಸಾವಿರದ ಆಸುಪಾಸು ಬಂತು. ಇದರ ಮೇಲೆ ಟಿಸಿಎಸ್ (ದುಡ್ಡು ಕಟ್ಟುವಾಗಲೇ ಹಿಡ್ಕೊಳ್ಳೋ ಟ್ಯಾಕ್ಸ್) ಅಂತ 5 ಪರ್ಸೆಂಟ್ ಇಬ್ರೂ ಹಿಡ್ಕೊಂಡ್ರು, ಅದು ಸರ್ಕಾರಕ್ಕೆ ಹೋಗೋ ದುಡ್ಡು, ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಹಾಕುವಾಗ 26ಎಎಸ್ ಅನ್ನೋ ಟ್ಯಾಕ್ಸ್ ಲೆಕ್ಕದ ಪಟ್ಟೀಲಿ ಕಾಣಿಸ್ತು, ವಾಪಸ್ ತಗೋಬಹುದು. ಎಷ್ಟೋ ಜನ ಇದನ್ನ ಕಂಪನಿಯವ್ರು ನುಂಗಿದ್ರು ಅಂತಾನೇ ಅಂದ್ಕೊಂಡಿದಾರೆ.

ಈಗ ನಿಜವಾದ ವ್ಯತ್ಯಾಸಕ್ಕೆ ಬರ್ತೀನಿ, ಅದು ಇರೋದು ಬಸ್ಸಲ್ಲಿರೋ ತಲೆ ಎಣಿಕೆಯಲ್ಲಿ. ದೊಡ್ಡ ಕಂಪನಿ ಬಸ್ಸಲ್ಲಿ 46 ಜನ, ಸಣ್ಣದರಲ್ಲಿ 24. ಇದ್ರಿಂದ ಏನಾಗತ್ತೆ ಅಂತ ಹೋಗೋಕ್ಕೆ ಮುಂಚೆ ನಂಗೂ ಗೊತ್ತಿರಲಿಲ್ಲ. ಜರ್ಮನಿಯಲ್ಲಿ ಕೊಲೋನ್ ಬಿಟ್ಟು ಬ್ಲ್ಯಾಕ್ ಫಾರೆಸ್ಟ್ ಕಡೆ ಹೋಗುವಾಗ ಹೈವೇ ಪಕ್ಕದ ಪೆಟ್ರೋಲ್ ಬಂಕಲ್ಲಿ ಟಾಯ್ಲೆಟ್‌ಗೆ ನಿಲ್ಲಿಸ್ತಾರೆ. ಒಳಗೆ ಹೋಗೋಕ್ಕೆ ಮೆಟ್ರೋ ಥರ ಗೇಟು, 1 ಯೂರೋ ನಾಣ್ಯ ಹಾಕ್ಬೇಕು, ಹಾಕಿದ್ರೆ ಅಷ್ಟೇ ಬೆಲೆಯ ಕೂಪನ್ ಚೀಟಿ ಬರತ್ತೆ, ಅದನ್ನ ಅಲ್ಲೇ ಅಂಗಡೀಲಿ ಕೊಟ್ಟು ಏನಾದ್ರೂ ತಗೋಬಹುದು. ಮೊದಲ ಟೂರಲ್ಲಿ 46 ಜನ, ಅರ್ಧಕ್ಕರ್ಧ ಜನರ ಕೈಯಲ್ಲಿ 50 ಯೂರೋ ನೋಟು, ಚಿಲ್ಲರೆಗೆ ಕಾಫಿ ಕೌಂಟರ್ ಮುಂದೆ ಕ್ಯೂ, ಆಮೇಲೆ ಲೇಡೀಸ್ ಟಾಯ್ಲೆಟ್ ಮುಂದೆ ಕ್ಯೂ, ಆಮೇಲೆ ಕೂಪನ್ನಿಗೆ ಚಾಕಲೇಟ್ ತಗೊಳ್ಳೋಕ್ಕೆ ಇನ್ನೊಂದು ಕ್ಯೂ, ಎಲ್ಲಾ ಹತ್ತಿ ಎಣಿಸಿದ್ರೆ 44, ಇಬ್ರು ಎಲ್ಲಿ? ಸಿಗರೇಟ್ ಸೇದೋಕ್ಕೆ ಹಿಂದುಗಡೆ ಹೋಗಿದಾರೆ. ಐವತ್ತು ನಿಮಿಷ ಢಂ. ಎರಡನೇ ಸಲ ಅಂಥದ್ದೇ ಜಾಗ, 24 ಜನ, ಇಪ್ಪತ್ತೈದು ನಿಮಿಷಕ್ಕೆ ಬಸ್ಸು ಹೊರಟಾಯ್ತು. ದಿನಕ್ಕೆ ಇಂಥ ಮೂರು ನಿಲುಗಡೆ ಲೆಕ್ಕ ಹಾಕಿ, ಒಂದು ಗಂಟೆ ಮೇಲೆ ಎಲ್ಲಿ ಹೋಯ್ತು ಅಂತ ಗೊತ್ತಾಗತ್ತೆ.

ಆ ಗಂಟೇನ ಆಮೇಲೆ ತುಂಬ್ಕೊಳ್ಳೋಣ ಅಂದ್ರೂ ಆಗಲ್ಲ. ಅಲ್ಲಿ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದ್ರೆ 45 ನಿಮಿಷ ಬ್ರೇಕ್ ತಗೊಳ್ಳಲೇಬೇಕು, ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಅಷ್ಟೇ, ಎಲ್ಲಾ ಮಿಷಿನ್ನಲ್ಲಿ ರೆಕಾರ್ಡ್ ಆಗತ್ತೆ. ನಮ್ಮೂರ ಥರ "ಅಣ್ಣಾ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ನಡೆಯಲ್ಲ. ಹಾಗಾಗಿ ಕತ್ತರಿ ಬೀಳೋದು ನೋಡೋ ಜಾಗಕ್ಕೇ.

ಅಯ್ಯೋ ಹಾಗಾದ್ರೆ ಸಣ್ಣದೇ ಒಳ್ಳೇದು ಅಂತ ಓಡಬೇಡಿ. ಸಣ್ಣ ಕಂಪನಿ ಕಾರ್ಯಕ್ರಮದಲ್ಲಿ "ಐಫೆಲ್ ಟವರ್" ಅಂತ ಬರೆದಿತ್ತು. ನಾವು ಹತ್ತೋದೇ ಅಂದ್ಕೊಂಡ್ವಿ. ಪ್ಯಾರಿಸ್ಸಿಗೆ ಹೋದ್ಮೇಲೆ ಎದುರುಗಡೆ ಟ್ರೊಕಾಡೆರೊ ಹತ್ರ ಇಳಿಸಿ ಅರ್ಧ ಗಂಟೆ ಫೋಟೋ ತೆಗೀರಿ ಅಂದ್ರು. ಟಿಕೆಟ್? ಲಿಫ್ಟ್ ಟಿಕೆಟ್ 60 ದಿನ ಮುಂಚೆ ಓಪನ್ ಆಗತ್ತೆ, ಇವ್ರಿಗೆ ಗ್ರೂಪ್ ತುಂಬಿದ್ದೇ ಕೊನೇ ಗಳಿಗೇಲಿ. ಅಕ್ಕನ ಮುಖ ನೋಡೋಕ್ಕಾಗ್ಲಿಲ್ಲ. ಮೊದಲ ಟೂರಲ್ಲಿ ಎರಡನೇ ಅಂತಸ್ತಿಗೆ, ಅಂದ್ರೆ ನೆಲದಿಂದ 116 ಮೀಟರ್ ಎತ್ತರಕ್ಕೆ ಕರ್ಕೊಂಡು ಹೋಗಿದ್ರು, ಅಷ್ಟೇ ಸಾಕಾಗಿತ್ತು. ಅಲ್ಲಿಂದಾಚೆ ನಾನು ಇಟಿನರಿ ಓದೋ ರೀತೀನೇ ಬದಲಾಗಿದೆ, "ಪ್ರವೇಶ ಟಿಕೆಟ್ ಸೇರಿದೆ" ಅಂತ ಇಲ್ದೆ ಬರೀ "ನೋಡುವುದು", "ಪನೋರಮಿಕ್ ವ್ಯೂ", "ಫೋಟೋ ಸ್ಟಾಪ್" ಅಂತಿದ್ರೆ ಅದು ಬಸ್ಸಿನ ಕಿಟಕಿ ಅಂತಾನೇ ತಿಳ್ಕೊಳ್ಳಿ. ಹೋಟೆಲ್ ಹೆಸರಿನ ಮುಂದೆ "ಅಥವಾ ಅದೇ ದರ್ಜೆಯದು" ಅಂತ ಇರತ್ತಲ್ಲ, ಅದ್ರ ಅರ್ಥ ನಮ್ಗೆ ಊರಿಂದ ನಲವತ್ತು ಕಿಲೋಮೀಟರ್ ಆಚೆ, ಗೋಡೌನುಗಳ ಮಧ್ಯೆ ಆಯ್ತು.

ಸ್ವಿಟ್ಜರ್ಲೆಂಡಲ್ಲಿ ದೊಡ್ಡವ್ರು ಯುಂಗ್‌ಫ್ರಾಯೋಖ್ ತೋರ್ಸಿದ್ರು, ಆಲ್ಪ್ಸ್ ಹಿಮದ ಬೆಟ್ಟಗಳ ಮೇಲಿನ ಜಾಗ, 3454 ಮೀಟರ್ ಎತ್ತರ, 1912ರಿಂದ ಅಲ್ಲಿವರೆಗೂ ರೈಲು ಹೋಗತ್ತೆ ಅಂದ್ರೆ ನಂಬೋಕ್ಕಾಗಲ್ಲ. ಸಣ್ಣವ್ರು ಟಿಟ್ಲಿಸ್ ಅನ್ನೋ ಹಿಮದ ಬೆಟ್ಟ ತೋರ್ಸಿದ್ರು, ಅಲ್ಲಿಗೆ ಸುತ್ತ ತಿರುಗೋ ಕೇಬಲ್ ಕಾರು. ನಂಗೆ ಯುಂಗ್‌ಫ್ರಾನೇ ಇಷ್ಟ ಆಯ್ತು, ಆದ್ರೆ ನಮ್ಮನೆಯವ್ರಿಗೆ ಅಲ್ಲಿ ತಲೆ ಸುತ್ತು ಬಂದು ಒಂದು ಮೂಲೇಲಿ ಕೂತ್ಬಿಟ್ಟಿದ್ರು, ಅವ್ರನ್ನ ಕೇಳಿದ್ರೆ ಬೇರೆ ಉತ್ತರ ಬರತ್ತೆ.

ಊಟ. ದೊಡ್ಡವ್ರದ್ದು ದಿನಾ ರಾತ್ರಿ ಇಂಡಿಯನ್ ರೆಸ್ಟೋರೆಂಟ್, ದಿನಾ ಪನೀರು, ದಾಲ್, ಜೀರಾ ರೈಸ್, ಏಳನೇ ದಿನ ಪನೀರ್ ಅಂದ್ರೆ ಬಸ್ಸೆಲ್ಲಾ ನರಳ್ತಿತ್ತು. ಸಣ್ಣ ಕಂಪನಿ ಮ್ಯಾನೇಜರ್ ಹುಡುಗ ಊರಿಂದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ತಂದಿದ್ದ, ರೆಸ್ಟೋರೆಂಟಲ್ಲಿ ಬರೀ ಅನ್ನ ಕಟ್ಟಿಸ್ಕೊಂಡು ಬಂದು ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್ ಊರಿನ ಮೈದಾನದ ಬೆಂಚ್ ಮೇಲೆ ಕಲಸಿ ಕೊಟ್ಟ. ಎದುರಿಗೆ ಹಿಮದ ಬೆಟ್ಟ, ಕೈಯಲ್ಲಿ ಪುಳಿಯೋಗರೆ. ಐಫೆಲ್ ಸಿಟ್ಟು ಅಕ್ಕ ಅಲ್ಲೇ ಮರ್ತಳು, ನಾನು ಮರ್ತಿಲ್ಲ.

ಇನ್ನೊಂದು ಹೇಳ್ಬೇಕು. ಮೊದಲ ಟೂರಲ್ಲಿ ಪ್ಯಾರಿಸ್ಸಲ್ಲಿ ಒಬ್ರ ಬ್ಯಾಗು ಹೋಯ್ತು, ಪಾಸ್‌ಪೋರ್ಟ್ ಸಮೇತ. ಕಂಪನಿಯ ಅಲ್ಲಿನ ಪ್ರತಿನಿಧಿ ಒಬ್ರು ಬಂದು ಆ ಗಂಡ ಹೆಂಡ್ತೀನ ಪೊಲೀಸ್ ಕಂಪ್ಲೇಂಟು, ಎಂಬಸಿ ಅಂತ ಓಡಾಡಿಸಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡಿಸಿ ಊರಿಗೆ ಕಳಿಸಿದ್ರು, ನಮ್ಮ ಬಸ್ಸು ಟೈಮಿಗೆ ಹೊರಟಿತು. ಸಣ್ಣ ಟೂರಲ್ಲಿ ಇದ್ದಿದ್ದು ಆ ಹುಡುಗ ಒಬ್ಬನೇ. ಅವ್ನು ಎಂಬಸಿ ಮುಂದೆ ಕೂತಿದ್ರೆ ಇಪ್ಪತ್ತೆರಡು ಜನ ನಾವು ಏನ್ಮಾಡ್ತಿದ್ವಿ?

ಮುಂದಿನ ಸಲ ಜಪಾನ್ ಅಂತಿದಾಳೆ ಅಕ್ಕ. ನಾನು ಎರಡೂ ಕಂಪನಿಗೆ ವಾಟ್ಸಾಪಲ್ಲಿ ಮೂರೇ ಪ್ರಶ್ನೆ ಕಳಿಸಿದೀನಿ: ಬಸ್ಸಲ್ಲಿ ಎಷ್ಟು ಜನ, ಯಾವ್ಯಾವುದಕ್ಕೆ ಒಳಗಿನ ಟಿಕೆಟ್, ಏನಾದ್ರೂ ಆದ್ರೆ ಅಲ್ಲಿ ಇನ್ನೊಬ್ರು ಯಾರು ಬರ್ತಾರೆ. ದೊಡ್ಡವ್ರು ಇಪ್ಪತ್ತು ಪುಟದ ಬ್ರೋಷರ್ ಕಳ್ಸಿದಾರೆ. ಸಣ್ಣವ್ರು "ಬನ್ನಿ ಮೇಡಂ, ಆಫೀಸಲ್ಲಿ ಕಾಫಿ ಕುಡೀತಾ ಮಾತಾಡೋಣ" ಅಂದಿದಾರೆ. ಭಾವ ಮಾತ್ರ ಆಗ್ಲೇ ರೆಡಿ, ಜರ್ಮನಿಯ ನಾಲ್ಕು ಟಾಯ್ಲೆಟ್ ಕೂಪನ್ ಇನ್ನೂ ಪರ್ಸಲ್ಲಿವೆ, ಜಪಾನಲ್ಲಿ ನಡೆಯತ್ತಾ ಅಂತ ಕೇಳ್ತಿದಾರೆ.