‘40ರ ಮ್ಯಾಲ ಹೋಗಬ್ಯಾಡ’ ಅನ್ನೋ ಮಾತು ಕೇಳಿ ಹೊಸ ಎಂಜಿನ್ ಕೆಡಿಸ್ಕೋಬ್ಯಾಡ್ರಿ

ದೀಪಾವಳಿ ಪಾಡ್ಯಕ್ಕೆ ಹುಬ್ಬಳ್ಳಿಯಲ್ಲಿ ಡೆಲಿವರಿ ಆದ 150 ಸಿಸಿ ಬೈಕೊಂದು ಯುಗಾದಿಯೊಳಗೇ ನೀಲಿ ಹೊಗೆ ಬಿಡತೊಡಗಿತು. ಮೀಟರ್ ಇನ್ನೂ 5,000 ದಾಟಿರಲಿಲ್ಲ. ಸುಮಾರು ಒಂದು ಲೀಟರ್ ಆಯಿಲ್ ಹಿಡಿಯುವ ಎಂಜಿನ್, 1,000 ಕಿ.ಮೀ.ಗೆ 300 ಮಿ.ಲೀ. ಕುಡಿಯುತ್ತಿತ್ತು. ಬಿಚ್ಚಿ ನೋಡಿದರೆ ಬೋರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ, ಕನ್ನಡಿಯಂತೆ ಫಳಫಳ. ಅದೇ ರೋಗ.

ಗಾಡಿಯನ್ನು ಒರಟಾಗಿ ಓಡಿಸಿದ್ದರೆಂದು ತಿಳಿಯಬೇಡಿ. ‘ಸಾವಿರ ಆಗೂಮಟಾ ನಲವತ್ತರ ಮ್ಯಾಲ ಹೋಗಬ್ಯಾಡೋ ತಮ್ಮಾ’ ಎಂದು ಹಿರಿಯರು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಹುಬ್ಬಳ್ಳಿಯಿಂದ ಹಾವೇರಿತನಕ ಹೈವೇ ಮೇಲೆ ಟಾಪ್ ಗೇರ್, ಒಂದೇ ರೇಸ್.

ಹೊಸ ಬೋರಿನ ಒಳಗೋಡೆಗೆ ಕಾರ್ಖಾನೆಯಲ್ಲೇ ಹೋನಿಂಗ್ ಮಾಡಿ, ಅಂದರೆ ಕಲ್ಲಿನಿಂದ ಉಜ್ಜಿ, ಸಣ್ಣ ಓರೆ ಗೆರೆ ಎಳೆದಿರುತ್ತಾರೆ. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲಿ. ಪಿಸ್ಟನ್ ಸುತ್ತ ಇರುವ ರಿಂಗ್ ಆ ಗೆರೆಗಳ ಏಣನ್ನು ಸವೆಸಿಕೊಂಡು ಬೋರಿಗೆ ಕೂರಬೇಕು. ರಿಂಗನ್ನು ಗೋಡೆಗೆ ಒತ್ತಲು ಅದರ ಸ್ವಂತ ಬಿಗುವು ಸಾಲದು. ಪೆಟ್ರೋಲ್ ಉರಿದಾಗ ಹುಟ್ಟುವ ಗ್ಯಾಸ್ ರಿಂಗಿನ ಹಿಂದೆ ನುಗ್ಗಿ ಒತ್ತಬೇಕು. ರೇಸ್ ಕಡಿಮೆ ಇದ್ದರೆ ಆ ಒತ್ತಡವೂ ಕಡಿಮೆ. ಗೋಡೆಯ ಮೇಲೆ ಉಳಿದ ಆಯಿಲ್ ಸುಟ್ಟು ಗಟ್ಟಿ ಪೊರೆಯಾಗಿ ಗೆರೆಗಳನ್ನು ಮುಚ್ಚಿಬಿಡುತ್ತದೆ. ಆಮೇಲೆ ದುಬಾರಿ ಆಯಿಲ್ ಹಾಕಿದರೂ ರಿಂಗ್ ಕೂರದು. ಮತ್ತೆ ಹೋನಿಂಗ್, ಹೊಸ ರಿಂಗ್ ಸೆಟ್, ಗ್ಯಾಸ್ಕೆಟ್. ಲೇಪನವಿರುವ ಬೋರ್ ಆದರೆ ಸಾದಾ ಕಲ್ಲಿನ ಹೋನಿಂಗ್ ನಡೆಯದು, ಬಹಳಷ್ಟು ಸಲ ಬ್ಲಾಕನ್ನೇ ಬದಲಿಸಬೇಕಾಗುತ್ತದೆ.

ಹಾಗಂತ ಮೊದಲ ದಿನವೇ ಫುಲ್ ರೇಸ್ ತಿರುವಿ ಅನ್ನುವವರ ಮಾತೂ ಬೇಡ. ಹೊಸ ಪಿಸ್ಟನ್ ಬಿಸಿಗೆ ಹಿಗ್ಗಿ ಜಾಮ್ ಆದೀತು. ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಮಿತಿಯೇ ಕೊನೆಯ ಮಾತು. ಸಾಮಾನ್ಯವಾಗಿ ಮೊದಲು ಅರ್ಧ ರೇಸ್, ಆಮೇಲೆ ಮುಕ್ಕಾಲು. ಆ ಮಿತಿಯೊಳಗೆ ವೇಗ ಏರುತ್ತ ಇಳಿಯುತ್ತ ಇರಬೇಕು. ಎರಡು, ಮೂರನೇ ಗೇರಿನಲ್ಲಿ ಎಳೆಸಿ, ರೇಸ್ ಬಿಟ್ಟು ಎಂಜಿನ್ ಹಿಡಿತದಲ್ಲೇ ನಿಧಾನ ಮಾಡಿ, ಮತ್ತೆ ಎಳೆಸಿ. ಇದಕ್ಕೆ ಬೈಪಾಸ್‌ಗಿಂತ ಉಣಕಲ್, ನವನಗರದ ಮೇಲೆ ಧಾರವಾಡಕ್ಕೆ ಹೋಗುವ ಹಳೇ ದಾರಿಯೇ ಚಲೋ. ಏರಿನಲ್ಲಿ ಟಾಪ್ ಗೇರಿನಲ್ಲೇ ಕುಂಟಿಸಬೇಡಿ. ಚೆನ್ನಮ್ಮ ಸರ್ಕಲ್ ಜಾಮ್‌ನಲ್ಲಿ ಸಿಕ್ಕರೆ ಎಂಜಿನ್ ಆಫ್ ಮಾಡಿ, ಗಾಳಿಯಿಂದ ತಣಿಯುವ ಎಂಜಿನ್‌ಗೆ ನಿಂತಲ್ಲಿ ಗಾಳಿ ಎಲ್ಲಿಂದ ಬರಬೇಕು?

ಇದೇ ಗಾಡಿಗೆ ಇನ್ನೊಂದು ಪೆಟ್ಟು ಬಿದ್ದದ್ದು ಮೊದಲ ಸರ್ವಿಸ್‌ನಲ್ಲಿ. ಬಿಲ್‌ನಲ್ಲಿ ಆಯಿಲ್ ಬದಲಿಸಿದ ಲೆಕ್ಕ ಇತ್ತು. ಆದರೆ ಆಯಿಲ್ ಫಿಲ್ಟರ್ ಮುಚ್ಚಳದ ಬೋಲ್ಟ್‌ಗಳ ಮೇಲೆ ಸ್ಪ್ಯಾನರ್ ತಾಗಿದ ಗುರುತೇ ಇರಲಿಲ್ಲ. ಸವೆದ ಲೋಹದ ಪುಡಿಯೆಲ್ಲ ಮೊದಲ ಆಯಿಲ್‌ನಲ್ಲೇ ಇರುತ್ತದೆ, ಗೇರ್, ಕ್ಲಚ್‌ಗೂ ಅದೇ ಆಯಿಲ್. ಆದ್ದರಿಂದ ಎದುರಿಗೇ ನಿಂತು ಹಳೇ ಆಯಿಲ್ ಹೊರಗೆ ತೆಗೆಸಿ. ಬೆಳಕಿಗೆ ಹಿಡಿದಾಗ ನುಣ್ಣಗೆ ಮಿನುಗಿದರೆ ಸಹಜ. ಬೆರಳಿಗೆ ಲೋಹದ ಚೂರು ಸಿಕ್ಕರೆ ಅಲ್ಲೇ ಕೇಳಿ. ಆಯಿಲ್ ಇಳಿಸುವ ಡ್ರೈನ್ ಬೋಲ್ಟ್‌ಗೆ ಹೊಸ ವಾಷರ್ ಹಾಕಿಸಿ. ಡಬ್ಬಿಯ ಮೇಲೆ ಬೈಕ್ ಆಯಿಲ್‌ನ ಗುಣಮಟ್ಟದ ಗುರುತಾದ ಜಾಸೋ (JASO) ಎಂಎ ಅಥವಾ ಎಂಎ2 ಇರಲಿ, ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುವ ಭಯ ಇದೆ. ಸರ್ವಿಸ್‌ಗೆ ಕಿ.ಮೀ. ಮತ್ತು ದಿನ, ಎರಡೂ ಲೆಕ್ಕ. ಯಾವುದು ಮೊದಲೋ ಅದು.

ಹೊಗೆ ಕಂಡ ಕೂಡಲೇ ರಿಂಗ್ ಅಂತ ತೀರ್ಮಾನಿಸಬೇಡಿ. ಧಾರವಾಡದ ಚಳಿಯ ಮುಂಜಾನೆ ಸ್ವಲ್ಪ ಹೊತ್ತು ಬರುವ ಬಿಳಿ ಹೊಗೆ ಬರೀ ನೀರಾವಿ. ರಾತ್ರಿ ನಿಂತ ಗಾಡಿ ಸ್ಟಾರ್ಟ್ ಮಾಡಿದಾಗ ಒಮ್ಮೆ ನೀಲಿ ಹೊಗೆ ಉಗುಳಿ ಸುಮ್ಮನಾದರೆ ವಾಲ್ವ್ ಬಳಿ ಆಯಿಲ್ ತಡೆಯುವ ಸೀಲ್ ನೋಡಿ. ರೇಸ್ ಕೊಟ್ಟು ಎಳೆಯುವಾಗ ಬಿಡದೆ ಬಂದರೆ ರಿಂಗ್ ಮೇಲೆ ಅನುಮಾನ. ಕಂಪ್ರೆಷನ್, ಅಂದರೆ ಬೋರಿನೊಳಗಿನ ಒತ್ತಡ, ಅಳೆಸಿ, ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಸಿ, ಏರಿದರೆ ರಿಂಗೇ. ವಾರಂಟಿ ಇನ್ನೂ ಇದ್ದರೆ ಹೊರಗಿನ ಗ್ಯಾರೇಜಿನಲ್ಲಿ ಎಂಜಿನ್ ಹೆಡ್ ಬಿಚ್ಚಿಸಬೇಡಿ. ಎಷ್ಟು ಕಿ.ಮೀ.ಗೆ ಎಷ್ಟು ಆಯಿಲ್ ಇಳಿದಿದೆ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ, ಅದರ ಪ್ರತಿ ಕೈಗೆ ಬಂದ ಮೇಲೇ ಕೀಲಿ ಕೊಡಿ.