ಮನೆ ಬೆಲೆ ಹೋಲಿಸೋಕೆ ರೆಸಿಡೆಕ್ಸ್ ಸಾಕಾ? ಹಾಸನದಿಂದ ನನ್ನ ಅನುಭವ

ಮಗಳು, ಅಳಿಯ ಪುಣೆಯಲ್ಲಿದ್ದಾರೆ. ಬಾಡಿಗೆ ಕಟ್ಟಿ ಇಬ್ಬರಿಗೂ ಸಾಕಾಗಿದೆ. ಅಲ್ಲೇ ಫ್ಲಾಟ್ ತೆಗೆದುಕೊಳ್ಳೋದಾ, ಹಾಸನಕ್ಕೆ ಬಂದು ಇಲ್ಲೇ ಕೆಲಸ ಹುಡುಕಿ ಮನೆ ಮಾಡೋದಾ? ಯುಗಾದಿಯಿಂದ ಮನೆಯಲ್ಲಿ ಇದೇ ಮಾತು. ಇದರ ನಡುವೆ ಅಲ್ಲಿನ ಏಜೆಂಟ್ ಒಬ್ಬರು ಮಗಳಿಗೆ ರೆಸಿಡೆಕ್ಸ್ ಪಟ್ಟಿ ತೋರಿಸಿ, "ಪುಣೆಯ ನಂಬರ್ ಬೆಂಗಳೂರಿಗಿಂತ ಕಮ್ಮಿ ಇದೆ, ಅಂದ್ರೆ ಇಲ್ಲಿ ಮನೆ ಅಗ್ಗ" ಎಂದರಂತೆ. ಮಗಳು ಫೋನ್ ಮಾಡಿ "ಅಮ್ಮಾ, ಇದು ನಿಜಾನಾ?" ಅಂದಳು. ಮೂವತ್ತು ವರ್ಷ ಸೊಸೈಟಿಯಲ್ಲಿ ಲೆಕ್ಕ ಬರೆದವಳು ನಾನು. ನೋಡೇಬಿಡೋಣ ಎಂದು ಕೂತೆ.

ರೆಸಿಡೆಕ್ಸ್ ಎನ್ನುವುದು ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕ. 2007ರಲ್ಲಿ ಶುರುವಾಯಿತು. ಮೂರು ತಿಂಗಳಿಗೊಮ್ಮೆ 50 ನಗರಗಳ ಅಂಕಿ ಬರುತ್ತದೆ. ನೋಡೋಕೆ ದುಡ್ಡು ಕೊಡಬೇಕಿಲ್ಲ. ಸಾಲ ಕೊಡುವಾಗ ಬ್ಯಾಂಕುಗಳು ಮನೆಗೆ ಕಟ್ಟಿದ ಬೆಲೆಯೇ ಇದರ ಆಧಾರ, ಹಾಗಾಗಿ ಜಾಹೀರಾತಿನ ಬೆಲೆಗಿಂತ ನಂಬಬಹುದು. ಇದು ನನಗೆ ನಿಜವಾಗಿ ಇಷ್ಟವಾಯಿತು.

ಆದರೆ ಏಜೆಂಟ್ ಹೇಳಿದ ಅರ್ಥ ತಪ್ಪು. ನಾನು ನೋಡಿದ ಪಟ್ಟಿಯಲ್ಲಿ ಪ್ರತಿ ನಗರದ 2017-18ರ ಬೆಲೆಯನ್ನು 100 ಎಂದು ಇಟ್ಟುಕೊಂಡಿದ್ದಾರೆ. ಮುಂಬೈಗೂ 100, ರಾಂಚಿಗೂ 100. ಆಮೇಲೆ ಅಲ್ಲಲ್ಲಿ ಎಷ್ಟು ಏರಿತು ಎನ್ನುವುದಷ್ಟೇ ಆ ನಂಬರ್. ಇಬ್ಬರು ಮಕ್ಕಳು ಈ ವರ್ಷ ಎಷ್ಟು ಎತ್ತರ ಬೆಳೆದರು ಎಂದು ಬರೆದಿಟ್ಟರೆ ಯಾರು ಎತ್ತರ ಎಂದು ಗೊತ್ತಾಗುತ್ತಾ? ಇದೂ ಹಾಗೇ. ಈ ಮಾತನ್ನು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು.

ಇನ್ನೊಂದು ಬೇಜಾರು. ಗುಜರಾತಿನಿಂದ ಅಹಮದಾಬಾದ್, ಸೂರತ್, ವಡೋದರಾ, ರಾಜ್‌ಕೋಟ್, ಗಾಂಧಿನಗರ ಇವೆ. ಕೇರಳದಿಂದ ಕೊಚ್ಚಿ, ತಿರುವನಂತಪುರ ಇವೆ. ನಮ್ಮ ರಾಜ್ಯದಿಂದ ಬೆಂಗಳೂರು ಒಂದೇ. ಮೈಸೂರೇ ಇಲ್ಲ ಅಂದ ಮೇಲೆ ಹಾಸನದ ಮಾತೆಲ್ಲಿ? ಇಲ್ಲಿನ ಗೈಡೆನ್ಸ್ ವ್ಯಾಲ್ಯೂ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ, ಬೇಕಿದ್ದರೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಮಾರುವವರು ಕೇಳುವ ಬೆಲೆಯೇ ಬೇರೆ, ಅದು ಗೊತ್ತಿರಲಿ.

ಕೊನೆಗೆ ಕಾಗದದ ಮೇಲೆ ನಾನೇ ಲೆಕ್ಕ ಹಾಕಿದೆ. ಪುಣೆಯಲ್ಲಿ ಅವರು ನೋಡಿದ ಫ್ಲಾಟ್ 70 ಲಕ್ಷ. ಕೈಯಿಂದ 14 ಲಕ್ಷ ಹಾಕಿದರೆ ಸಾಲ 56 ಲಕ್ಷ. ಶೇ 8.5 ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ ಸುಮಾರು 48,600 ಕಂತು. ಇಬ್ಬರ ಸಂಬಳ ಸೇರಿ 1,10,000. ಅಂದರೆ ಶೇ 44 ಕಂತಿಗೇ ಹೋಯಿತು. ಇಲ್ಲಿ ಸಾಲಗಾಮೆ ರಸ್ತೆ ಕಡೆ ನಾವು ನೋಡಿದ, ಕಟ್ಟಿ ಮುಗಿದ ಮನೆ 40 ಲಕ್ಷ. 32 ಲಕ್ಷ ಸಾಲಕ್ಕೆ ಕಂತು 27,770ರ ಹತ್ತಿರ. ಅಗ್ಗ ಅನ್ನಿಸಿತು ಅಲ್ವಾ? ನನಗೂ ಅನ್ನಿಸಿತ್ತು. ಆದರೆ ಅವರ ಕೆಲಸಕ್ಕೆ ಇಲ್ಲಿ ವಿಚಾರಿಸಿದ ಕಡೆ ಇಬ್ಬರಿಗೂ ಸೇರಿ 45,000 ಸಿಕ್ಕರೆ ಹೆಚ್ಚು. ಆಗ ಕಂತಿಗೆ ಶೇ 62! ಮನೆ ಅಗ್ಗ, ಆದರೆ ಇಲ್ಲಿನ ಸಂಬಳಕ್ಕೆ ಅದೇ ದುಬಾರಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನೋಂದಣಿ ಖರ್ಚೂ ರಾಜ್ಯಕ್ಕೊಂದು ತರಹ. ಮಹಾರಾಷ್ಟ್ರದಲ್ಲಿ ನೋಂದಣಿ ಶುಲ್ಕ ಶೇ 1, ಅದೂ 30,000 ದಾಟುವುದಿಲ್ಲ. ನಮ್ಮಲ್ಲಿ 2025ರ ಆಗಸ್ಟ್ 31ರಿಂದ ಶೇ 2, ಅಂದರೆ 40 ಲಕ್ಷಕ್ಕೆ 80,000. ಮುದ್ರಾಂಕ ಶುಲ್ಕ ಎರಡೂ ಕಡೆ ಬೇರೆ. ಸೂಚ್ಯಂಕದಲ್ಲಿ ಇದ್ಯಾವುದೂ ಕಾಣುವುದಿಲ್ಲ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಒಂದೇ ಊರಿನಲ್ಲಿ ಬೆಲೆ ಹೇಗೆ ಏರಿದೆ ಎಂದು ನೋಡೋಕೆ ಒಳ್ಳೆಯದು. ಊರಿಗೆ ಊರು ಹೋಲಿಸೋಕೆ ಮಾತ್ರ ಸಂಬಳ ಎಷ್ಟು, ಕಂತು ಎಷ್ಟು ಎಂದು ನೀವೇ ಬರೆದುಕೊಳ್ಳಿ.

ಅಳಿಯಂದಿರು ಹಾಸನದಿಂದಲೇ ಕೆಲಸ ಮಾಡೋಕೆ ಆಫೀಸಿನಲ್ಲಿ ಅನುಮತಿ ಕೇಳಿದ್ದಾರೆ. ಕೊಟ್ಟರೆ ಅವರ 65,000, ಮಗಳಿಗೆ ಇಲ್ಲಿ ಸಿಗುವ 20,000 ಸೇರಿ ಇಲ್ಲಿನ ಮನೆಯ ಕಂತು ಸಂಬಳದ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದಸರಾ ಆದ ಮೇಲೆ ಉತ್ತರ ಬರುತ್ತದಂತೆ. ಅಲ್ಲಿವರೆಗೆ ಅಡ್ವಾನ್ಸ್ ಕೊಡಬೇಡಿ ಎಂದಿದ್ದೇನೆ.